ಮೂರನೇ ಸಿಲಿಂಡರಿನ ಮುರಿದ ಸ್ಪ್ರಿಂಗ್: ಒಂದು ಎಸ್ಟೀಮ್ ಇಂಜಿನ್‌ನ ಪ್ರಕರಣ

ಕಾರು ನಮ್ಮ ಗ್ಯಾರೇಜಿಗೆ ಬಂದಾಗ ಐಡ್ಲಿಂಗ್‌ನಲ್ಲೇ ಮಿಸ್ಸಿಂಗ್ ಹೊಡೆಯುತ್ತಿತ್ತು. ಓನರ್ ಚಿಕ್ಕಮಗಳೂರು ಕಡೆಯ ಕಾಫಿ ತೋಟದ ಹುಡುಗ. ಹಿಂದಿನ ದಿನ ಮಣ್ಣಿನ ಟ್ರ್ಯಾಕಿನಲ್ಲಿ ಆಟೋಕ್ರಾಸ್ ಓಡಿಸಿ ಬಂದಿದ್ದ.

"ಅಣ್ಣ, 6500 ದಾಟಿದ ಮೇಲೆ ಗಾಡಿ ಎಳೆಯೋದೇ ಇಲ್ಲ. ಸೈಲೆನ್ಸರಲ್ಲಿ ಪಟಪಟ ಅಂತದೆ. ಕೊನೇ ಲ್ಯಾಪಲ್ಲಿ ಎಂತದೋ ಟಕ್ ಅಂತು. ಆಮೇಲಿಂದ ಹಿಂಗೇ."

ಪ್ಲಗ್ ಹೋಗಿದೆ, ಕಾಯಿಲ್ ವೀಕು, ಪೆಟ್ರೋಲ್ ಪಂಪ್ ನೋಡಿಸು ಅಂತ ದಾರಿಯಲ್ಲಿ ಮೂರು ಜನ ಮೂರು ಥರ ಹೇಳಿ ಕಳಿಸಿದ್ದರು. ಹುಡುಗ ಪ್ಲಗ್ಗೂ ಬದಲಾಯಿಸಿದ್ದ, ಕಾಯಿಲ್ಲೂ ಬದಲಾಯಿಸಿದ್ದ. ಎರಡೂ ದಂಡ.

ಕಾರು 16 ವಾಲ್ವಿನ ಮಾರುತಿ ಎಸ್ಟೀಮ್. 1298 ಸಿಸಿ, ಒಂದೇ ಕ್ಯಾಮ್ (ಉಬ್ಬುಗಳಿರುವ, ತಿರುಗುವ ದಂಡ), ರಾಕರ್ (ಸಣ್ಣ ಸನ್ನೆ) ಮೂಲಕ ವಾಲ್ವ್ ತೆರೆಯುವ ಹೆಡ್. ಕಂಪನಿಯಿಂದ ಬರುವಾಗ 6000 ಆರ್‌ಪಿಎಂನಲ್ಲಿ (ನಿಮಿಷಕ್ಕೆ ಇಂಜಿನ್ ತಿರುಗುವ ಸುತ್ತು) 85 ಬಿಎಚ್‌ಪಿ ಕೊಡುತ್ತಿದ್ದ ಇಂಜಿನ್. ನಮ್ಮ ಕಡೆ ರ‍್ಯಾಲಿ, ಆಟೋಕ್ರಾಸ್ ಕಲಿತವರಲ್ಲಿ ತುಂಬಾ ಜನ ಇದರಲ್ಲೇ ಕಲಿತಿದ್ದಾರೆ. ಈ ಹುಡುಗ ಕ್ಯಾಮ್ ಗ್ರೈಂಡ್ ಮಾಡಿಸಿ ವಾಲ್ವ್ ಲಿಫ್ಟನ್ನು, ಅಂದರೆ ವಾಲ್ವ್ ತೆರೆಯುವ ದೂರವನ್ನು, 8 ಮಿ.ಮೀ.ಯಿಂದ 9.2ಕ್ಕೆ ಏರಿಸಿದ್ದ. ಹೆಡ್ ಫೇಸಿಂಗ್ (ಹೆಡ್ಡಿನ ತಳ ಕೆತ್ತಿ ಸಮ ಮಾಡುವುದು) ಮಾಡಿಸಿದ್ದ. 7000 ದಾಟಿಸಿ ಓಡಿಸುತ್ತಿದ್ದ. ವಾಲ್ವ್ ಮುಚ್ಚುವ ಸ್ಪ್ರಿಂಗ್ ಮಾತ್ರ ಹಳೆಯವೇ ಇದ್ದವು. ಒಂದು ಲಕ್ಷ ಕಿಲೋಮೀಟರ್ ಮೇಲೆ ಓಡಿದ್ದವು.

ವಾಲ್ವ್ ಕವರ್ ತೆಗೆದೆ. ಕಣ್ಣಿಗೆ ಏನೂ ಕಾಣಲಿಲ್ಲ. ಆಮೇಲೆ ಒಂದೊಂದೇ ರಿಟೇನರನ್ನು (ಸ್ಪ್ರಿಂಗ್ ಮೇಲೆ ಕೂರುವ ಬಿಲ್ಲೆ) ಹೆಬ್ಬೆರಳಲ್ಲಿ ಒತ್ತುತ್ತಾ ಬಂದೆ. ಜಪ್ಪಯ್ಯ ಅಂದರೂ ಒಂದೂ ಕದಲಲಿಲ್ಲ. ಮೂರನೇ ಸಿಲಿಂಡರಿನ ಎಕ್ಸಾಸ್ಟ್ ವಾಲ್ವಿಗೆ ಬಂದಾಗ ಮಾತ್ರ ಬೆರಳಿಗೆ ಬಗ್ಗಿತು. ಟಾರ್ಚ್ ಹಾಕಿ ನೋಡಿದರೆ ಸ್ಪ್ರಿಂಗ್ ಎರಡು ತುಂಡು. ಮುರಿದ ತುದಿಗಳು ತಿರುಪಿನ ಹಾಗೆ ಒಂದರೊಳಗೊಂದು ಸೇರಿಕೊಂಡಿದ್ದವು. ಅದರಿಂದಲೇ ವಾಲ್ವ್ ಕೆಳಗೆ ಬೀಳದೆ ಉಳಿದಿತ್ತು. ಇನ್ನೊಂದು ಲ್ಯಾಪ್ ಓಡಿಸಿದ್ದರೆ ರಿಟೇನರನ್ನು ವಾಲ್ವಿಗೆ ಹಿಡಿದಿಡುವ ಕಾಲೆಟ್ ಬಿಟ್ಟು, ವಾಲ್ವ್ ಸಿಲಿಂಡರೊಳಗೆ ಬಿದ್ದು, ಪಿಸ್ಟನ್, ಹೆಡ್ ಎರಡೂ ಪುಡಿಯಾಗುವ ಸಾಧ್ಯತೆ ಇತ್ತು.

"ಹಂಗಾದ್ರೆ ಗಟ್ಟಿ ಸ್ಪ್ರಿಂಗ್ ಹಾಕ್ಬಿಡಣ ಅಣ್ಣ," ಅಂದ.

ಎಲ್ಲರೂ ಹೇಳುವುದು ಇದನ್ನೇ. ನಾನೂ ಎಷ್ಟೋ ವರ್ಷ ಹಾಗೇ ನಂಬಿದ್ದೆ. ಆದರೆ ಇಲ್ಲಿದ್ದ ಪ್ರಶ್ನೆ ಎರಡು. 6500ರ ಮೇಲೆ ಎಳೆತ ನಿಂತದ್ದು ಯಾಕೆ? ಸ್ಪ್ರಿಂಗ್ ಮುರಿದದ್ದು ಯಾಕೆ? ಎರಡಕ್ಕೂ ಒಂದೇ ಉತ್ತರ ಇರಲೇಬೇಕು ಅಂತೇನಿಲ್ಲ. ಈ ಕಾರಿನಲ್ಲಿ ಇರಲೂ ಇಲ್ಲ.

ಮೆಣಸಿನ ತಕ್ಕಡಿಯಲ್ಲಿ ಸ್ಪ್ರಿಂಗ್ ತೂಕ

ಸ್ಪ್ರಿಂಗ್ ಟೆಸ್ಟರ್ ನಮ್ಮ ಹತ್ತಿರ ಇರಲಿಲ್ಲ. ಹುಡುಗನ ತೋಟದಲ್ಲಿ ಕಾಳುಮೆಣಸು ತೂಗುವ ಡಿಜಿಟಲ್ ತಕ್ಕಡಿ ಇತ್ತು, 60 ಕೆ.ಜಿ.ವರೆಗೆ ತೂಗುವಂಥದ್ದು. ಅದನ್ನು ತಂದು ಡ್ರಿಲ್ಲಿಂಗ್ ಮಷೀನಿನ ಟೇಬಲ್ ಮೇಲೆ ಇಟ್ಟೆವು. ಮೇಲೊಂದು ದಪ್ಪ ಕಬ್ಬಿಣದ ತಗಡು, ಅದರ ಮೇಲೆ ಸ್ಪ್ರಿಂಗ್. ಡ್ರಿಲ್ ಚಕ್‌ಗೆ ಚಪ್ಪಟೆ ತಲೆಯ ರಾಡ್ ಕಟ್ಟಿ ಹ್ಯಾಂಡಲ್‌ನಿಂದ ಮೆಲ್ಲಗೆ ಒತ್ತುವುದು. ಸ್ಪ್ರಿಂಗಿನ ಎತ್ತರವನ್ನು ವರ್ನಿಯರ್‌ನಲ್ಲಿ ಅಳೆಯುವುದು. ತಕ್ಕಡಿ ಸ್ವಲ್ಪ ತಗ್ಗಿದರೂ ಲೆಕ್ಕ ತಪ್ಪುವುದಿಲ್ಲ, ಯಾಕಂದರೆ ಅಳತೆ ತಗಡಿನಿಂದ ರಾಡ್‌ವರೆಗಿನದು. ಒಬ್ಬರು ಒತ್ತಿ ಹಿಡಿಯಬೇಕು, ಒಬ್ಬರು ಓದಬೇಕು. ಕನ್ನಡಕ ಹಾಕಿಕೊಳ್ಳಿ, ಸ್ಪ್ರಿಂಗ್ ಚಿಮ್ಮಿದರೆ ಕಣ್ಣಿಗೇ ಬರುತ್ತದೆ.

ಈ ಹೆಡ್‌ನಲ್ಲಿ ವಾಲ್ವ್ ಮುಚ್ಚಿರುವಾಗ ಸ್ಪ್ರಿಂಗ್ 31.5 ಮಿ.ಮೀ. ಎತ್ತರಕ್ಕೆ ಕೂರುತ್ತದೆ. ಆ ಎತ್ತರದಲ್ಲಿ ಅದು ವಾಲ್ವನ್ನು ಎಷ್ಟು ಒತ್ತಿ ಹಿಡಿಯುತ್ತದೋ ಅದು ಸೀಟ್ ಲೋಡ್. ವಾಲ್ವ್ ಪೂರ್ತಿ ತೆರೆದಾಗ ಇರುವ ಒತ್ತಡ ಓಪನ್ ಲೋಡ್. ಹೊಸ ಕಂಪನಿ ಸ್ಪ್ರಿಂಗ್ ಒಂದನ್ನು ತಂದು ಮೊದಲು ಅದನ್ನು ಅಳೆದೆವು. ಬಿಡಿಯಾಗಿ 36.8 ಮಿ.ಮೀ. ಉದ್ದ, ಸೀಟ್ ಲೋಡ್ 11.6 ಕೆ.ಜಿ., ಆಮೇಲೆ ಒಂದೊಂದು ಮಿ.ಮೀ.ಗೂ ಸುಮಾರು 2.2 ಕೆ.ಜಿ. ಏರಿಕೆ.

ಹಳೆಯ 15 ಸ್ಪ್ರಿಂಗ್‌ಗಳಲ್ಲಿ ಅತಿ ಸೋತದ್ದು 9.1 ಕೆ.ಜಿ. ತೋರಿಸಿತು. ಚೆನ್ನಾಗಿದ್ದದ್ದೂ 10.7. ಅಂದರೆ ಎಲ್ಲವೂ ಕುಗ್ಗಿ ಕೂತಿದ್ದವು. ವರ್ಷಗಟ್ಟಲೆ ಬಿಸಿಯಲ್ಲಿ ಒತ್ತಿಸಿಕೊಂಡ ಸ್ಪ್ರಿಂಗ್ ಸೋಲುವುದು ಸಹಜ. ಹೊಸದಕ್ಕಿಂತ ಶೇ. 10 ಇಳಿದರೆ ನಾನು ಮತ್ತೆ ಹಾಕುವುದಿಲ್ಲ, ಓಟದ ಇಂಜಿನ್‌ಗಂತೂ ಇಲ್ಲ.

ಈಗ ಎಳೆತ ನಿಂತದ್ದರ ಲೆಕ್ಕ. ವಾಲ್ವನ್ನು ತೆರೆಯುವುದು ಕ್ಯಾಮ್, ಮುಚ್ಚುವುದು ಸ್ಪ್ರಿಂಗ್. ಕ್ಯಾಮಿನ ಮೂಗು ದಾಟುವಾಗ ಮೇಲೆ ಹೊರಟ ರಾಕರ್, ಕೆಳಗೆ ಹೊರಟ ವಾಲ್ವ್ ಎರಡನ್ನೂ ತಡೆದು ವಾಪಸ್ ಎಳೆಯುವ ಕೆಲಸ ಅದರದ್ದೇ. 7200 ಆರ್‌ಪಿಎಂನಲ್ಲಿ ಒಂದೊಂದು ವಾಲ್ವೂ ಸೆಕೆಂಡಿಗೆ 60 ಸಲ ತೆರೆದು ಮುಚ್ಚುತ್ತದೆ. ಸ್ಪ್ರಿಂಗ್ ಸೋತರೆ ರಾಕರ್ ಕ್ಯಾಮನ್ನು ಬಿಟ್ಟು ಹಾರುತ್ತದೆ. ವಾಲ್ವ್ ಹೊತ್ತು ಮೀರಿ ತೆರೆದಿರುತ್ತದೆ, ಆಮೇಲೆ ತಾನು ಕೂರುವ ಸೀಟಿಗೆ ಬಡಿದು ಪುಟಿಯುತ್ತದೆ. ಇದಕ್ಕೇ ವಾಲ್ವ್ ಫ್ಲೋಟ್ ಅನ್ನುವುದು. ಹುಡುಗ ಹೇಳಿದ ಪಟಪಟ ಶಬ್ದ ಅದೇ.

ಬೇಕಾಗುವ ಒತ್ತಡ ಆರ್‌ಪಿಎಂನ ವರ್ಗದ ಲೆಕ್ಕದಲ್ಲಿ ಏರುತ್ತದೆ. ಇದನ್ನು ಮರೆಯುವವರೇ ಜಾಸ್ತಿ. 6500ರಿಂದ 7500ಕ್ಕೆ ವೇಗ ಏರುವುದು ಶೇ. 15, ಬೇಕಾಗುವ ಒತ್ತಡ ಏರುವುದು ಶೇ. 33. ವಾಲ್ವ್, ರಿಟೇನರ್, ಕಾಲೆಟ್, ರಾಕರಿನ ಪಾಲು, ಸ್ಪ್ರಿಂಗಿನ ತೂಕದ ಮೂರನೇ ಒಂದು ಭಾಗ, ಎಲ್ಲ ಸೇರಿಸಿ ಸುಮಾರು 75 ಗ್ರಾಂ ಅಂತ ಇಟ್ಟುಕೊಂಡೆವು. ಕ್ಯಾಮಿನ ಆಕಾರವನ್ನು ಡಿಗ್ರಿ ಚಕ್ರ, ಡಯಲ್ ಗೇಜ್ ಇಟ್ಟು ಅಳೆದೆವು. 7500ಕ್ಕೆ ಬೇಕಾದದ್ದು ಹತ್ತಿರ ಹತ್ತಿರ 38.6 ಕೆ.ಜಿ. ಓಪನ್ ಲೋಡ್ ಅಂತ ಬಂತು. 6500ಕ್ಕೆ 29 ಕೆ.ಜಿ.

ಅತಿ ಸೋತ ಹಳೆಯ ಸ್ಪ್ರಿಂಗ್ 9.2 ಮಿ.ಮೀ. ತೆರೆದಾಗ ಕೊಡುತ್ತಿದ್ದದ್ದು 29 ಚಿಲ್ಲರೆ. ಹುಡುಗ ಡ್ರೈವರ್ ಸೀಟಿನಲ್ಲಿ ಕೂತು ಹೇಳಿದ 6500, ಕಾಗದದ ಮೇಲೂ 6500. ನಮ್ಮದು ಒರಟು ಲೆಕ್ಕ, ಪ್ರಯೋಗಾಲಯದ್ದಲ್ಲ. ಆದರೂ ಎರಡೂ ಕೂಡಿಬಂದಾಗ ಮನಸ್ಸಿಗೆ ಧೈರ್ಯ ಬಂತು.

ಮುರಿದದ್ದಕ್ಕೆ ಬೇರೆಯೇ ಕಾರಣ

ಸೋತ ಸ್ಪ್ರಿಂಗ್ ಸೋಲುತ್ತದೆ, ಮುರಿಯಲೇಬೇಕು ಅಂತಿಲ್ಲ. ಇದು ಮುರಿದದ್ದು ಯಾಕೆ ಅಂತ ನೋಡಲು ಎರಡು ತುಂಡನ್ನೂ ಪೆಟ್ರೋಲಿನಲ್ಲಿ ತೊಳೆದು, ಬಿಸಿಲಿಗೆ ಹಿಡಿದು, ಭೂತಗನ್ನಡಿಯಲ್ಲಿ ನೋಡಿದೆವು.

ಮುರಿದ ಮುಖದಲ್ಲಿ ಎರಡು ಬಣ್ಣ ಇತ್ತು. ತಂತಿಯ ಒಳಮೈ ಕಡೆ ನಯವಾದ ಒಂದು ಅರ್ಧಚಂದ್ರ, ಉಳಿದದ್ದು ಮುರಿದ ಬೆಲ್ಲದ ಹಾಗೆ ಒರಟು. ಅರ್ಧಚಂದ್ರದ ಬುಡದಲ್ಲಿ ಸಾಸಿವೆಗಿಂತ ಸಣ್ಣ ಕಪ್ಪು ಚುಕ್ಕಿ. ಅದು ತುಕ್ಕು ತಿಂದ ಗುಳಿ. ಅಲ್ಲಿಂದ ಶುರುವಾದ ಬಿರುಕು ಲಕ್ಷಗಟ್ಟಲೆ ಸಲ ಒತ್ತಿ ಬಿಟ್ಟಾಗ ಇಷ್ಟಿಷ್ಟೇ ಬೆಳೆದು ಅರ್ಧಚಂದ್ರವಾಗಿದೆ. ಕೊನೆಗೆ ಉಳಿದ ಭಾಗ ಒಂದೇ ಏಟಿಗೆ ಟಕ್ ಅಂದಿದೆ. ಸುರುಳಿಯ ಒಳಮೈಯಲ್ಲೇ ತಂತಿಗೆ ಅತಿ ಹೆಚ್ಚು ತಿರುಚು ಬೀಳುವುದರಿಂದ ಬಿರುಕು ಅಲ್ಲಿ ಹುಟ್ಟಿದ್ದು ಆಶ್ಚರ್ಯ ಅಲ್ಲ.

ತುಕ್ಕು ಎಲ್ಲಿಂದ ಬಂತು? ಕೇಳಿದೆ. ಹೋದ ವರ್ಷ ಜೂನ್‌ನಲ್ಲಿ ಹೆಡ್ ಫೇಸಿಂಗ್ ಆಗಿತ್ತು. ಸ್ಪ್ರಿಂಗ್‌ಗಳನ್ನು ಸೋಪು ನೀರಿನಲ್ಲಿ ತೊಳೆದಿದ್ದರು. ಆಮೇಲೆ ಪಾರ್ಟ್ಸ್ ಬರಲಿಲ್ಲ ಅಂತ ಎರಡು ತಿಂಗಳು ಎಲ್ಲವೂ ತೋಟದ ಶೆಡ್‌ನಲ್ಲಿ ಗೋಣಿಚೀಲದೊಳಗೆ ಬಿದ್ದಿದ್ದವು. ಮಲೆನಾಡಿನ ಮಳೆಗಾಲ. ಗೋಡೆಗೇ ಪಾಚಿ ಕಟ್ಟುವ ಕಾಲ. ಎಣ್ಣೆ ಹಚ್ಚದ ಸ್ಪ್ರಿಂಗ್ ಉಳಿಯುತ್ತಾ? ಜೋಡಿಸುವಾಗ ಎಮರಿ ಕಾಗದದಲ್ಲಿ ಉಜ್ಜಿ ತುಕ್ಕು ತೆಗೆದಿದ್ದರಂತೆ. ಅದು ಇನ್ನೂ ಕೆಟ್ಟದ್ದು. ವಾಲ್ವ್ ಸ್ಪ್ರಿಂಗಿನ ತಂತಿಗೆ ಸಣ್ಣ ಉಕ್ಕಿನ ಗುಂಡು ಬಡಿದು ಮೇಲ್ಮೈಯನ್ನು ಬಿಗಿ ಮಾಡಿರುತ್ತಾರೆ. ಶಾಟ್ ಪೀನಿಂಗ್ ಅಂದರೆ ಇದೇ. ಬಿರುಕು ಹುಟ್ಟದ ಹಾಗೆ ಕಾಯುವುದೇ ಆ ಬಿಗಿ ಪದರ. ಅದನ್ನು ಉಜ್ಜಿ ತೆಗೆದು, ಗುಳಿಯನ್ನು ಮಾತ್ರ ಒಳಗೆ ಬಿಟ್ಟ ಹಾಗಾಯಿತು.

ತಪ್ಪು ತಂತಿಯೊಳಗೇ ಹುಟ್ಟುವುದೂ ಉಂಟು. 2018ರ ನವೆಂಬರ್‌ನಲ್ಲಿ ಸುಬಾರು ಕಂಪನಿ ಜಗತ್ತಿನಾದ್ಯಂತ ಸುಮಾರು 4 ಲಕ್ಷ ಕಾರುಗಳನ್ನು ವಾಲ್ವ್ ಸ್ಪ್ರಿಂಗ್ ಮುರಿಯಬಹುದು ಅಂತ ವಾಪಸ್ ಕರೆಸಿತ್ತು. ಇಂಪ್ರೆಜಾ, ಬಿಆರ್‌ಝಡ್, ಜೊತೆಗೆ ಅದೇ ಇಂಜಿನ್ನಿನ ಟೊಯೊಟಾ 86 ಎಲ್ಲ ಅದರಲ್ಲಿದ್ದವು. ಕಣ್ಣಿಗೆ ಕಾಣದ ಒಂದು ಕಣ ಉಕ್ಕಿನೊಳಗೆ ಸಿಕ್ಕಿಕೊಂಡಿದ್ದರೂ ಸಾಕು, ಬಿರುಕಿಗೆ ಅದು ಬೀಜ ಆಗುತ್ತದೆ. ಅದಕ್ಕೇ ಒಳ್ಳೆಯ ತಯಾರಕರು ಅತಿ ಶುದ್ಧ ಉಕ್ಕಿನ ಕ್ರೋಮ್ ಸಿಲಿಕಾನ್ ತಂತಿಗೆ ಅಷ್ಟು ದುಡ್ಡು ಸುರಿಯುವುದು.

ಹುಡುಗನಿಗೆ ಇದನ್ನೆಲ್ಲ ಹೇಳಿದಾಗ ಅವನ ಮುಖ ಸಣ್ಣಗಾಯಿತು. ಗಟ್ಟಿ ಸ್ಪ್ರಿಂಗನ್ನು ಇದೇ ಥರ ನೀರಲ್ಲಿ ತೊಳೆದು ಗೋಣಿಯಲ್ಲಿ ಇಟ್ಟಿದ್ದರೆ ಇನ್ನೂ ಬೇಗ ಮುರಿಯುತ್ತಿತ್ತು. ಒತ್ತಡ ಜಾಸ್ತಿಯಾದಷ್ಟೂ ಸಣ್ಣ ಗುಳಿಯೂ ದೊಡ್ಡ ಅಪಾಯ.

ಮುಂದಿದ್ದ ಮೂರು ದಾರಿ

ಮೊದಲನೆಯದು, ಹೊಸ ಕಂಪನಿ ಸ್ಪ್ರಿಂಗ್ ಹಾಕಿ ಕೆಳಗೆ 1.5 ಮಿ.ಮೀ. ಶಿಮ್ (ತೆಳು ಲೋಹದ ಬಿಲ್ಲೆ) ಕೊಡುವುದು. ಕಡಿಮೆ ಖರ್ಚು. ಸೀಟ್ ಲೋಡ್ 15ರ ಹತ್ತಿರ ಹೋಗುತ್ತದೆ, ಓಪನ್ ಲೋಡ್ 35. ನಮ್ಮ ಲೆಕ್ಕದಲ್ಲಿ 7100ಕ್ಕೆ ಸರಿಯಾಗಿ ಸೋಲುತ್ತದೆ, ಕೈಯಲ್ಲಿ ಏನೂ ಉಳಿಯುವುದಿಲ್ಲ. ಅದಕ್ಕಿಂತ ಮುಖ್ಯವಾದದ್ದು ತಂತಿಯ ಕಷ್ಟ. ಕಂಪನಿ ಕ್ಯಾಮಿನ ಜೊತೆ ಈ ಸ್ಪ್ರಿಂಗ್ ಒಟ್ಟು 13.3 ಮಿ.ಮೀ. ಕುಗ್ಗುತ್ತಿತ್ತು. ಹೊಸ ಲಿಫ್ಟ್, ಶಿಮ್ ಎರಡೂ ಸೇರಿದರೆ 16 ಮಿ.ಮೀ. ರಸ್ತೆಯಲ್ಲಿ ಮೆಲ್ಲಗೆ ಓಡಾಡುವ ಕಾರಾಗಿದ್ದರೆ ಯೋಚಿಸುತ್ತಿದ್ದೆ. ಇದಕ್ಕೆ ಬೇಡ ಅಂದೆ.

ಎರಡನೆಯದು ಬೆಂಗಳೂರಿನ ಜೆಸಿ ರೋಡ್‌ನ ಒಂದು ಅಂಗಡಿಯಲ್ಲಿ ಸಿಕ್ಕ "ರೇಸ್ ಸ್ಪ್ರಿಂಗ್". ಒಳಗೊಂದು ಹೊರಗೊಂದು, ಡಬಲ್. ಮಿರಮಿರ ಮಿಂಚುತ್ತಿತ್ತು. ಹುಡುಗನಿಗೆ ನೋಡಿದ ಕೂಡಲೇ ಹಿಡಿಸಿತು. ಡಬಲ್ ಸ್ಪ್ರಿಂಗ್ ಕೆಟ್ಟದ್ದಲ್ಲ. ಒಂದು ಮುರಿದರೂ ಇನ್ನೊಂದು ವಾಲ್ವನ್ನು ಹಿಡಿದುಕೊಳ್ಳುತ್ತದೆ, ಎರಡೂ ಒಂದಕ್ಕೊಂದು ಉಜ್ಜಿ ನಡುಕವನ್ನು ತಗ್ಗಿಸುತ್ತವೆ. ಆದರೆ ಇದಕ್ಕೆ ಒಂದು ಚೀಟಿಯೂ ಇರಲಿಲ್ಲ. ತಂತಿ ಯಾವುದು, ಎಷ್ಟು ಎತ್ತರಕ್ಕೆ ಎಷ್ಟು ತೂಕ, ಎಷ್ಟಕ್ಕೆ ಸುರುಳಿ ಒಂದಕ್ಕೊಂದು ತಾಗುತ್ತದೆ, ಯಾವುದೂ ಗೊತ್ತಿಲ್ಲ. ನಾಲ್ಕು ಜೊತೆ ಸ್ಯಾಂಪಲ್ ತಂದು ಮೆಣಸಿನ ತಕ್ಕಡಿಗೆ ಇಟ್ಟೆವು. ಸೀಟ್ ಲೋಡ್ ಒಂದರದ್ದು 27, ಇನ್ನೊಂದರದ್ದು 34. ಒಂದೇ ಡಬ್ಬಿಯವು! ಪೂರ್ತಿ ಒತ್ತಿದರೆ 22 ಮಿ.ಮೀ.ಗೆ ಸುರುಳಿಗಳು ಮುಟ್ಟಿ ನಿಂತವು. ನಮ್ಮ ವಾಲ್ವ್ ಪೂರ್ತಿ ತೆರೆದಾಗ ಉಳಿಯುವ ಎತ್ತರ 22.3. ನಡುವೆ ಇದ್ದದ್ದು 0.3 ಮಿ.ಮೀ., ಒಂದು ಪೋಸ್ಟ್ ಕಾರ್ಡಿನ ದಪ್ಪ. ಕನಿಷ್ಠ ಒಂದೂವರೆ ಮಿ.ಮೀ. ಬೇಕು. ಸುರುಳಿ ಮುಟ್ಟಿತು ಅಂದರೆ ಕ್ಯಾಮ್, ರಾಕರ್, ಕಾಲೆಟ್‌ಗಳಲ್ಲಿ ಯಾವುದಾದರೊಂದು ಆ ಏಟನ್ನು ತಿನ್ನಲೇಬೇಕು.

ಬೇಡದ ಒತ್ತಡಕ್ಕೂ ಬೆಲೆ ಕೊಡಬೇಕಾಗುತ್ತದೆ. ಕ್ಯಾಮಿನ ಮೂಗು, ರಾಕರಿನ ಮುಖ ಬೇಗ ಸವೆಯುತ್ತವೆ. ಐಡ್ಲಿಂಗ್‌ನಲ್ಲಿ ಎಣ್ಣೆ ಪದರ ತೆಳ್ಳಗಿರುವಾಗ ಇದು ಇನ್ನೂ ಜಾಸ್ತಿ. ಆ ಡಬ್ಬಿಯನ್ನು ವಾಪಸ್ ಕಳಿಸಿದೆವು.

ಮೂರನೆಯ ದಾರಿಯಲ್ಲಿ ಲೆಕ್ಕವನ್ನು ಮೊದಲು ಬರೆದೆವು, ಸ್ಪ್ರಿಂಗನ್ನು ಆಮೇಲೆ ಹುಡುಕಿದೆವು. ಇಂಜಿನ್ ಮಿತಿ ಮೀರಿ ತಿರುಗದ ಹಾಗೆ ತಡೆಯುವ ಕಟ್ ಆಫ್ 7200ಕ್ಕೆ ಇಡುವುದು ಅಂತ ತೀರ್ಮಾನ ಮಾಡಿದೆವು. ಈ ಕ್ಯಾಮ್ ಅದರ ಮೇಲೆ ಹೇಗೂ ಪವರ್ ಕೊಡುವುದಿಲ್ಲ. 7200ಕ್ಕೆ ಬೇಕಾದದ್ದು 35.6 ಕೆ.ಜಿ. ಅದರ ಮೇಲೆ ಕಾಲು ಭಾಗ ಹೆಚ್ಚುವರಿ ಇಟ್ಟರೆ 44.5. ಸೀಟ್ ಲೋಡ್ 17ರ ಸುತ್ತ. 31.5 ಎತ್ತರಕ್ಕೆ ಕೂರಬೇಕು, ಕಂಪನಿ ರಿಟೇನರಿಗೇ ಹೊಂದಬೇಕು. ಈ ಚೀಟಿ ಹಿಡಿದು ಕ್ಯಾಮ್ ಗ್ರೈಂಡ್ ಮಾಡಿದವರ ಜೊತೆ ಮಾತಾಡಿದೆವು. ಅವರ ಮೂಲಕ 3.2 ಮಿ.ಮೀ. ಕ್ರೋಮ್ ಸಿಲಿಕಾನ್ ತಂತಿಯ ಸಿಂಗಲ್ ಸ್ಪ್ರಿಂಗ್ ಸಿಕ್ಕಿತು. ಜೊತೆಗೆ ಅಳತೆಯ ಹಾಳೆ ಬಂತು: ಮಿ.ಮೀ.ಗೆ 3.05 ಕೆ.ಜಿ., ಪೂರ್ತಿ ಒತ್ತಿದಾಗ 20.4 ಮಿ.ಮೀ. ಲೆಕ್ಕ ಹಾಕಿದರೆ ಓಪನ್ ಲೋಡ್ 45, ಸುರುಳಿ ಮುಟ್ಟಲು ಉಳಿಯುವ ಜಾಗ 1.9 ಮಿ.ಮೀ.

ಸ್ಪ್ರಿಂಗಿನ ಸ್ವಂತ ನಡುಕವನ್ನೂ ನೋಡಿಕೊಂಡೆವು. ಜೋಕಾಲಿಯನ್ನು ಸರಿಯಾದ ಹೊತ್ತಿಗೆ ತಳ್ಳುತ್ತಾ ಹೋದರೆ ಮೇಲೆ ಮೇಲೆ ಏರುತ್ತದಲ್ಲ, ಹಾಗೆ ಕ್ಯಾಮಿನ ತಳ್ಳಾಟಕ್ಕೆ ಸ್ಪ್ರಿಂಗಿನ ನಡುಕ ಕೂಡಿಕೊಂಡರೆ ನಡುವಿನ ಸುರುಳಿಗಳು ಅಲೆಯ ಹಾಗೆ ಓಡಾಡುತ್ತವೆ. ಆಗ ತಕ್ಕಡಿಯಲ್ಲಿ ನೋಡಿದ ತೂಕ ಇಂಜಿನ್ನಿನೊಳಗೆ ಇರುವುದೇ ಇಲ್ಲ. ಇದರದ್ದು ಸೆಕೆಂಡಿಗೆ ಸುಮಾರು 650 ನಡುಕ, 7200ರಲ್ಲಿ ಕ್ಯಾಮಿನ ಸುತ್ತಿಗೆ ಹತ್ತು ಪಟ್ಟಿಗಿಂತ ಮೇಲೆ. ಸಾಕು ಅನ್ನಿಸಿತು.

ಬೀಹೈವ್ ಸ್ಪ್ರಿಂಗ್ ಹಾಕಬಹುದಿತ್ತಲ್ಲ ಅಂತ ಕೇಳುವವರಿದ್ದಾರೆ. ಮೇಲೆ ಸಣ್ಣಗಾಗುವ ಆ ಆಕಾರ ನನಗೂ ಇಷ್ಟ. ರಿಟೇನರ್ ಹಗುರ, ನಡುಕವೂ ಕಮ್ಮಿ. ನಮ್ಮ ಅಳತೆಗೆ ಹೊಂದುವುದು ಸಿಗಲಿಲ್ಲ, ಅಷ್ಟೇ. ಟೈಟಾನಿಯಂ ರಿಟೇನರ್ ಬೇಡ ಅಂದದ್ದು ಮಾತ್ರ ನಾನೇ. ಸ್ಪ್ರಿಂಗಿನ ತುದಿ ಉಜ್ಜಿ ಉಜ್ಜಿ ಅದು ಸವೆಯುತ್ತದೆ, ಪದೇ ಪದೇ ಬಿಚ್ಚಿ ನೋಡಬೇಕು. 7200ರ ಇಂಜಿನ್‌ಗೆ ಅದರ ಅಗತ್ಯ ಇಲ್ಲ. ಫಾರ್ಮುಲಾ ಒನ್‌ನಲ್ಲಿ ಆರ್‌ಪಿಎಂ ಏರುತ್ತಾ ಹೋದಾಗ ರೆನೋ 1986ರಲ್ಲೇ ಉಕ್ಕಿನ ಸ್ಪ್ರಿಂಗ್ ಬಿಟ್ಟು ಗಾಳಿಯ ಒತ್ತಡಕ್ಕೆ ಹೋಯಿತು. ನಮ್ಮ ತೋಟದ ಎಸ್ಟೀಮ್‌ಗೆ ಉಕ್ಕು ಧಾರಾಳ ಸಾಕು.

ಜೋಡಿಸುವ ಮೊದಲು

16 ಬೇಕಿದ್ದರೂ 20 ತರಿಸಿದೆವು. ಎಲ್ಲವನ್ನೂ ತೂಗಿದೆವು. ಹತ್ತೊಂಬತ್ತು 16.7ರಿಂದ 17.4ರೊಳಗೆ ಬಂದವು. ಒಂದು ಮಾತ್ರ 15.6. ಅದನ್ನು ಪಕ್ಕಕ್ಕಿಟ್ಟೆವು. ಮೂರು ಸ್ಪೇರ್ ಉಳಿದವು. ಇಕ್ಕಳದಲ್ಲಿ ಹಿಡಿಯಬೇಡ, ನಂಬರ್ ಕೊರೆಯಬೇಡ ಅಂತ ಹುಡುಗನಿಗೆ ಮೊದಲೇ ಹೇಳಿದ್ದೆ. ಗೀರು ಕೂಡ ಗುಳಿಯ ಹಾಗೇ. ನಂಬರನ್ನು ದಾರದಲ್ಲಿ ಕಟ್ಟಿದ ರಟ್ಟಿನ ಚೀಟಿ ಮೇಲೆ ಬರೆದ.

ಹೆಡ್‌ನಲ್ಲಿ ಎತ್ತರ ಅಳೆದರೆ ಹದಿನಾರೂ ಒಂದೇ ಥರ ಇರಲಿಲ್ಲ. ಸೀಟ್ ಕಟ್ ಮಾಡಿಸಿದ ಹೆಡ್ ಅಲ್ವಾ, 31.4ರಿಂದ 32.1ರವರೆಗೆ ಇತ್ತು. ತೆಳು ಶಿಮ್ ಕೊಟ್ಟು ಎಲ್ಲವನ್ನೂ 31.5ರ ಅಕ್ಕಪಕ್ಕ ತಂದೆವು. 0.6 ಮಿ.ಮೀ. ವ್ಯತ್ಯಾಸ ಅಂದರೆ ಸುಮಾರು 1.8 ಕೆ.ಜಿ. ವ್ಯತ್ಯಾಸ. ಸುಮ್ನೆ ಜೋಡಿಸಿಬಿಟ್ಟಿದ್ದರೆ ತೂಗಿ ಆರಿಸಿದ್ದೆಲ್ಲ ನೀರುಪಾಲು.

ಇನ್ನೊಂದು ತಪ್ಪು ಆಗ ಸಿಕ್ಕಿತು. 9.2 ಮಿ.ಮೀ. ತೆರೆದಾಗ ರಿಟೇನರಿನ ತಳಕ್ಕೂ ಎಣ್ಣೆ ತಡೆಯುವ ವಾಲ್ವ್ ಸೀಲಿನ ತಲೆಗೂ ನಡುವೆ 1 ಮಿ.ಮೀ. ಮಾತ್ರ ಇತ್ತು. ಲಿಫ್ಟ್ ಏರಿಸಿದಾಗ ಇದನ್ನು ಯಾರೂ ನೋಡಿರಲಿಲ್ಲ. ಲೇತ್ ಮೇಸ್ತ್ರಿ, ಸೀಲ್ ಕೂರುವ ಗೈಡಿನ (ವಾಲ್ವ್ ಕಡ್ಡಿ ಜಾರುವ ಕೊಳವೆ) ತಲೆಯನ್ನು 0.8 ಮಿ.ಮೀ. ಇಳಿಸಿಕೊಟ್ಟರು. "ಇದನ್ನ ಬಿಟ್ಟು ಬರೀ ಸ್ಪ್ರಿಂಗ್ ಹಾಕಿದ್ರೆ ಸೀಲ್ ಪುಡಿ ಆಗಿ ಹೊಗೆ ಬರೋದು, ಆಮೇಲೆ ರಿಂಗ್ ಹೋಯ್ತು ಅಂತಿದ್ರಿ," ಅಂದರು. ಅವರ ಮಾತು ನಿಜ. ಪಿಸ್ಟನ್ ಮೇಲೆ ಜೇಡಿ ಇಟ್ಟು ಕೈಯಲ್ಲಿ ಎರಡು ಸುತ್ತು ತಿರುಗಿಸಿ, ಜೇಡಿ ಕೊಯ್ದು ದಪ್ಪ ನೋಡಿದೆವು. ಇನ್‌ಟೇಕ್ 2.1, ಎಕ್ಸಾಸ್ಟ್ 2.6. ಸರಿಯಿತ್ತು.

ಮೊದಲ ದಿನ ಓಡಿಸಲು ಬಿಡಲಿಲ್ಲ. ಇಂಜಿನ್ ಬಿಸಿಯಾಗುವವರೆಗೆ ಎರಡು ಸಾವಿರ ಚಿಲ್ಲರೆಯಲ್ಲಿ ಇಟ್ಟು, ನಿಲ್ಲಿಸಿ, ರಾತ್ರಿಯಿಡೀ ತಣಿಯಲು ಬಿಟ್ಟೆವು. ಮತ್ತೆ ಎರಡು ದಿನ ಹಾಗೇ. ಹೊಸ ಸ್ಪ್ರಿಂಗ್ ಮೊದಲ ಬಿಸಿಯಲ್ಲಿ ಸ್ವಲ್ಪ ಕೂರುತ್ತದೆ. ಮೆಲ್ಲಗೆ ಕೂತರೆ ಒಳ್ಳೆಯದು. ನಾಲ್ಕನೇ ದಿನ ಎರಡು ಸ್ಪ್ರಿಂಗ್ ಬಿಚ್ಚಿ ತೂಗಿದರೆ 17.1 ಇದ್ದದ್ದು 16.6, 17.0 ಇದ್ದದ್ದು 16.6.

ಓಟದಲ್ಲಿ

7200ರವರೆಗೆ ಒಂದೇ ಸಮನೆ ಎಳೆಯಿತು, ಪಟಪಟ ಇಲ್ಲ. ನಿಜವಾದ ಪರೀಕ್ಷೆ ಎರಡನೇ ಆಟೋಕ್ರಾಸ್‌ನಲ್ಲಿ ಬಂತು. ತಿರುವಿನಲ್ಲಿ ಹುಡುಗ ನಾಲ್ಕನೇ ಗೇರಿನಿಂದ ಮೂರಕ್ಕೆ ಹಾಕಬೇಕಾದಲ್ಲಿ ಎರಡಕ್ಕೆ ಹಾಕಿಬಿಟ್ಟ. ಸೂಜಿ 7900 ತೋರಿಸಿತು. ಕಟ್ ಆಫ್ ಇಲ್ಲಿ ಏನೂ ಮಾಡಲಾರದು, ಯಾಕಂದರೆ ಇಂಜಿನನ್ನು ತಿರುಗಿಸುತ್ತಿರುವುದು ಚಕ್ರಗಳು. 7900ಕ್ಕೆ ನಮ್ಮ ಲೆಕ್ಕದ ಒತ್ತಡ 43ಕ್ಕೆ ಒಂಚೂರು ಕಮ್ಮಿ, ಸ್ಪ್ರಿಂಗ್ ಕೊಡುವುದು ಹತ್ತಿರ ಹತ್ತಿರ 45. ನಾವು ಇಟ್ಟ ಕಾಲು ಭಾಗ ಹೆಚ್ಚುವರಿ ಆ ಒಂದು ಕ್ಷಣಕ್ಕೇ ಬೇಕಾಗಿತ್ತು. ಪೆಡಲ್ ಬಿಟ್ಟು ನಿಧಾನಕ್ಕೆ ಪಿಟ್‌ಗೆ ತಂದ. ಕವರ್ ತೆಗೆದು ಹದಿನಾರನ್ನೂ ಬೆರಳಲ್ಲಿ ಒತ್ತಿ ನೋಡಿದೆವು, ಟ್ಯಾಪೆಟ್ ಗ್ಯಾಪ್ ನೋಡಿದೆವು, ಕಂಪ್ರೆಶನ್ ನೋಡಿದೆವು. ಎಲ್ಲ ಇದ್ದ ಹಾಗೇ ಇತ್ತು.

ನಾಲ್ಕು ಓಟ ಮುಗಿದ ಮೇಲೆ ಮೇ ತಿಂಗಳಲ್ಲಿ ಹೆಡ್ ಇಳಿಸಿ ಎಲ್ಲವನ್ನೂ ಮತ್ತೆ ತೂಗಿದೆವು. ಅತಿ ಕಡಿಮೆ 16.2, ಅತಿ ಹೆಚ್ಚು 16.9. ಮೂರನೇ ಸಿಲಿಂಡರಿನ ಎಕ್ಸಾಸ್ಟ್ 16.4. ಯಾವುದಾದರೂ 15.3ಕ್ಕಿಂತ ಕೆಳಗೆ ಹೋದರೆ ಪೂರ್ತಿ ಸೆಟ್ ಬದಲಾಯಿಸುವುದು ಅಂತ ಚೀಟಿಯಲ್ಲಿ ಬರೆದಿದ್ದೇವೆ. ಮೂರು ಸ್ಪೇರ್ ಸ್ಪ್ರಿಂಗ್‌ಗಳಿಗೆ ಹುಡುಗ ತಾನೇ ಇಂಜಿನ್ ಆಯಿಲ್ ಹಚ್ಚಿ, ಪ್ಲಾಸ್ಟಿಕ್ ಡಬ್ಬಿಗೆ ಹಾಕಿ, ಮುಚ್ಚಳದ ಸುತ್ತ ಟೇಪ್ ಸುತ್ತಿದ. ಮಳೆ ಶುರುವಾಗಲು ಇನ್ನೂ ಹತ್ತು ದಿನ ಇತ್ತು.